ನೀಲಗಿರಿ ಗಂಟಿನ ಬಟ್ಟಲು: ಗರಗಸದಿಂದ ಮೇಣದವರೆಗೆ

ಮರದ ಮೈಮೇಲೆ ಗಡ್ಡೆಯ ಹಾಗೆ ಉಬ್ಬಿಕೊಳ್ಳುವ ಗಂಟು ನೋಡಿದ್ದೀರಲ್ವಾ, ಬರ್ಲ್ ಅಂತಾರಲ್ಲ, ಅದು. ಅಂಥ ಒಂದು ನೀಲಗಿರಿ ಗಂಟಿನಿಂದ ಅಲಂಕಾರದ ಬಟ್ಟಲು ಕಡೆದು ಮುಗಿಸಿದೆ. ಹಸಿ ಗಂಟಿನಿಂದ ಹಿಡಿದು ಕೊನೆಯ ಮೇಣದವರೆಗೆ ಮಾಡಿದ್ದನ್ನು ಅಳತೆ ಸಮೇತ ಇಲ್ಲಿ ಬರೆದಿಡುತ್ತಿದ್ದೇನೆ. ಯಾವುದು ನಡೆಯಲಿಲ್ಲ ಅನ್ನೋದೂ ಇದರಲ್ಲಿದೆ.

ಲೇತ್ ಅಂದರೆ ಮರವನ್ನು ತಿರುಗಿಸುವ ಯಂತ್ರ, ತಿರುಗುವ ಮರಕ್ಕೆ ಉಳಿ ಹಿಡಿದು ಕಡೆಯುವುದು. ಅದರ ಮೇಲೆ ಬಟ್ಟಲು ಕಡೆಯುವವರಿಗೆಲ್ಲ ಕೈಗೆ ಕೂತ ನಿಯಮ ಒಂದಿದೆ. ಹೊರಮೈಯಲ್ಲಿ ಉಳಿ ತಳದಿಂದ ಅಂಚಿಗೆ ಹೋಗಬೇಕು, ಒಳಮೈಯಲ್ಲಿ ಅಂಚಿನಿಂದ ತಳಕ್ಕೆ. ಹಾಗೆ ಹೋದರೆ ಪ್ರತಿ ನಾರಿಗೂ ಅದರ ಪಕ್ಕದ ನಾರಿನ ಆಸರೆ ಇರುತ್ತದೆ, ಕಿತ್ತು ಬರುವುದಿಲ್ಲ. ಗಂಟಿನಲ್ಲಿ ಈ ನಿಯಮಕ್ಕೆ ಅರ್ಥವೇ ಇಲ್ಲ. ಅರಳದೆ ಉಳಿದ ನೂರಾರು ಮೊಗ್ಗುಗಳ ಸುತ್ತ ಮರ ಬೆಳೆದಿರುತ್ತದೆ. ಹೆಬ್ಬೆರಳಿನಗಲದ ಜಾಗದಲ್ಲೇ ನಾರು ನಾಲ್ಕು ಕಡೆಗೆ ತಿರುಗಿರುತ್ತದೆ. ಯಾವ ದಿಕ್ಕಿನಿಂದ ಹೋದರೂ ಅದು ಎಲ್ಲೋ ಒಂದು ಕಡೆ ತಪ್ಪು ದಿಕ್ಕೇ. ಹಾಗಾಗಿ ಕೈಯಲ್ಲಿ ಉಳಿಯುವುದು ಎರಡೇ: ಅಲಗು ಎಷ್ಟು ಹರಿತ, ಒಂದು ಸಲಕ್ಕೆ ಎಷ್ಟು ಕಡಿಮೆ ತೆಗೆಯುತ್ತೀರಿ. ಮುಂದಿನ ಎಲ್ಲ ಹಂತಗಳಲ್ಲೂ ಈ ಮಾತೇ ಮತ್ತೆ ಮತ್ತೆ ಬರುತ್ತದೆ.

1. ಗಂಟು

ಅಡ್ಡಳತೆ 34 ಸೆಂ.ಮೀ., ದಪ್ಪ 17 ಸೆಂ.ಮೀ., ತೂಕ 11 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಗಾಳಿಗೆ ಬಿದ್ದ ಮರದ ಕಾಂಡದಿಂದ ಕೊಯ್ದದ್ದು. ನಿಂತ ಮರದಿಂದ ಬರೀ ಗಂಟನ್ನು ಕೊಯ್ದು ತೆಗೆಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಷ್ಟಗಲದ ಗಾಯ ಮುಚ್ಚಿಕೊಳ್ಳಲು ಮರಕ್ಕೆ ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ಒಳಗೆ ಕೊಳೆ ಇಳಿದುಬಿಡಬಹುದು.

ಕೊಯ್ದ ದಿನವೇ ಕೊಯ್ದ ಮುಖಕ್ಕೆ ಕರಗಿಸಿದ ಮೇಣ ದಪ್ಪಗೆ ಬಳಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೆರಳಲ್ಲಿಟ್ಟೆ. ನೀಲಗಿರಿ ಒಣಗುವಾಗ ಬಹಳ ಕುಗ್ಗುವ ಮರ. ಸುಮ್ನೆ ಬಿಟ್ಟರೆ ಕೊಯ್ದ ಮುಖದಲ್ಲಿ ಬೇಗನೇ ಕೂದಲೆಳೆ ಬಿರುಕು ಬೀಳುತ್ತದೆ. ತೇವ ನೋಡುವ ಮೀಟರ್ ಚುಚ್ಚಿದರೆ ಮುಳ್ಳು 30 ದಾಟಿ ಹೋಯಿತು. ಸುಮಾರು 30 ಶೇಕಡಾದ ಮೇಲೆ ಈ ಮೀಟರ್ ತೋರಿಸುವ ಅಂಕಿಯನ್ನು ನಂಬುವ ಹಾಗಿಲ್ಲ. "ಇನ್ನೂ ಹಸಿ" ಅಂತ ಓದಿಕೊಂಡರೆ ಸಾಕು.

ತೊಗಟೆ ಸುಲಿಯಲು ಮೊಂಡು ಉಳಿ ಸಾಕಾಯಿತು. ಹಸಿ ಇದ್ದಾಗ ಹಾಳೆ ಹಾಳೆಯಾಗಿ ಬರುತ್ತದೆ. ಒಳಗಿಂದ ಸಣ್ಣ ಸಣ್ಣ ಮೊನೆಗಳ ಮೈ ಕಂಡಿತು. ಒಂದೊಂದು ಮೊನೆಯೂ ಒಂದೊಂದು ಮೊಗ್ಗಿನ ಗುರುತು. ಇವು ಎಷ್ಟು ಒತ್ತೊತ್ತಾಗಿದ್ದರೆ ಬಟ್ಟಲಿನಲ್ಲಿ ಕಣ್ಣುಗಳೂ, ಅಂದರೆ ದುಂಡಗಿನ ಚುಕ್ಕೆಗಳೂ, ಅಷ್ಟೇ ಒತ್ತೊತ್ತಾಗಿ ಬರುತ್ತವೆ. ಮೂರು ಕಡೆ ತೊಗಟೆ ಒಳಕ್ಕೆ ಮಡಚಿಕೊಂಡು ಹೋಗಿತ್ತು. ಅದರಲ್ಲಿ ಒಂದು ಪೊಟರೆಗೆ ತಂತಿ ಹಾಕಿ ನೋಡಿದರೆ 4 ಸೆಂ.ಮೀ. ಇಳಿಯಿತು.

2. ಯಾವ ಮುಖ ಮೇಲೆ?

ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಯೋಚಿಸಿದ್ದು ಈ ಪ್ರಶ್ನೆಗೆ. ಉಪಕರಣ ಮುಟ್ಟುವ ಮೊದಲೇ ಬಟ್ಟಲು ಹೇಗೆ ಕಾಣುತ್ತದೆ ಅನ್ನೋದು ಇಲ್ಲಿ ತೀರ್ಮಾನ ಆಗಿಬಿಡುತ್ತದೆ.

ಗಂಟಿನ ಒಳಗೆ ಮೊಗ್ಗಿನ ಎಳೆಗಳು ನಡುವಿನಿಂದ ಹೊರಮೈಗೆ ಚಾಚಿಕೊಂಡು ಬಂದಿರುತ್ತವೆ. ಆ ಎಳೆಯನ್ನು ಅಡ್ಡಕ್ಕೆ ಕತ್ತರಿಸಿದರೆ ದುಂಡಗಿನ ಕಣ್ಣು ಕಾಣುತ್ತದೆ. ಉದ್ದಕ್ಕೆ ಸೀಳಿದರೆ ಬರೀ ಗೀರು ಕಾಣುತ್ತದೆ. ಅಂದರೆ ಗಂಟಿನ ಹೊರಮೈಯ ಬಾಗನ್ನೇ ಅನುಸರಿಸಿ ಕಡೆದ ಮೈಯಲ್ಲಿ ಕಣ್ಣುಗಳು, ಅದಕ್ಕೆ ಅಡ್ಡಲಾಗಿ ಕಡೆದ ಮೈಯಲ್ಲಿ ಗೀರುಗಳು.

ದಾರಿ ಎರಡಿತ್ತು. ಉಬ್ಬಿದ ಮುಖವನ್ನು ಮೇಲೆ ಮಾಡಿ ತೊಗಟೆಯ ಅಂಚನ್ನು ಹಾಗೇ ಉಳಿಸಿಕೊಂಡರೆ ಅಂಚು ಏರಿಳಿಯುವ ಬಟ್ಟಲು ಸಿಗುತ್ತದೆ. ಉಬ್ಬಿದ ಮುಖವನ್ನು ಕೆಳಗೆ ಮಾಡಿದರೆ ಬಟ್ಟಲಿನ ಹೊಟ್ಟೆ ಗಂಟಿನ ಹೊಟ್ಟೆಯನ್ನೇ ಅನುಸರಿಸುತ್ತದೆ, ಹೊರಗೆ ಒಳಗೆ ಎರಡೂ ಕಡೆ ಕಣ್ಣು ತುಂಬಿಕೊಳ್ಳುತ್ತದೆ. ನಾನು ಎರಡನೆಯದನ್ನು ಆರಿಸಿಕೊಂಡೆ. ಏರಿಳಿಯುವ ಅಂಚು ನೋಡಲು ಚೆಂದವೇ. ಆದರೆ ಇಷ್ಟು ಚಿತ್ತಾರ ಇರುವ ಮರಕ್ಕೆ ಆಕಾರ ಆದಷ್ಟು ಸರಳವಾಗಿರಬೇಕು ಅನ್ನೋದು ನನ್ನ ನಂಬಿಕೆ. ಒಂದೇ ಬಾಗು, ತೆಳು ಅಂಚು, ಸಣ್ಣ ಪಾದ. ಗೆರೆ, ಉಂಗುರ, ಕೆತ್ತನೆ ಯಾವುದೂ ಬೇಡ.

ಕಾಂಡಕ್ಕೆ ಅಂಟಿದ್ದ ಕಡೆಯಿಂದ 2 ಸೆಂ.ಮೀ. ಕೊಯ್ದು ಬಿಸಾಡಿದೆ. ಅಲ್ಲಿರುವುದು ಕಾಂಡದ ನೇರ ನಾರು. ಗಂಟಿನ ಮರ ಒಣಗುವ ರೀತಿಯೇ ಬೇರೆ, ನೇರ ನಾರು ಒಣಗುವ ರೀತಿಯೇ ಬೇರೆ. ಎರಡೂ ಒಂದೇ ಅಂಚಿನಲ್ಲಿದ್ದರೆ ಸೇರುವ ಗೆರೆಯಲ್ಲೇ ಬಿರುಕು ಬೀಳುತ್ತದೆ. ಆಮೇಲೆ ರಟ್ಟಿನ ದುಂಡು ತಟ್ಟೆ ಇಟ್ಟು 27 ಸೆಂ.ಮೀ. ವೃತ್ತ ಎಳೆದು ಬ್ಯಾಂಡ್ ಸಾದಲ್ಲಿ (ಪಟ್ಟಿ ಬ್ಲೇಡಿನ ಗರಗಸ ಯಂತ್ರ) ಸುತ್ತ ಕೊಯ್ದೆ. ಉಬ್ಬಿದ ಮುಖ ಮೇಜಿನ ಮೇಲೆ ಅಲುಗಾಡುತ್ತದೆ, ಹಾಗಾಗಿ ಚಪ್ಪಟೆ ಮುಖವನ್ನೇ ಕೆಳಗಿಟ್ಟು ಕೊಯ್ಯಬೇಕು. ದುಂಡಗಿನದು ಬ್ಲೇಡಿನ ಕೆಳಗೆ ಉರುಳಿದರೆ ಬ್ಲೇಡ್ ತುಂಡಾಗುತ್ತದೆ, ಬೆರಳೂ ಹೋಗಬಹುದು. ಸುತ್ತ ಕೊಯ್ದ ತುಂಡುಗಳನ್ನು ಎಸೆಯಲಿಲ್ಲ. ಮುಂದೆ ಎಣ್ಣೆ, ಅಂಟು ಎಲ್ಲವನ್ನೂ ಮೊದಲು ಅವುಗಳ ಮೇಲೇ ಹಚ್ಚಿ ನೋಡಿದೆ.

3. ಹೊರಮೈ, ಹಸಿಯಲ್ಲಿ

ಚಪ್ಪಟೆ ಮುಖವನ್ನು ಕೀಸುಳಿಯಿಂದ ಸಮ ಮಾಡಿ, ಮರವನ್ನು ಲೇತಿಗೆ ಬಿಗಿಯುವ 15 ಸೆಂ.ಮೀ. ಲೋಹದ ತಟ್ಟೆ, ಅಂದರೆ ಫೇಸ್‌ಪ್ಲೇಟ್ ಕೂರಿಸಿದೆ. ಆರು ಸ್ಕ್ರೂ, ಮರದೊಳಗೆ 30 ಮಿ.ಮೀ. ಇಳಿಯುವಷ್ಟು ಉದ್ದ. ಈ ಭಾಗ ಆಮೇಲೆ ಹೇಗೂ ಕೊರೆದು ಹೋಗುತ್ತದೆ, ಹಾಗಾಗಿ ತೂತಿನ ಚಿಂತೆ ಇಲ್ಲ. ಪ್ರತಿ ಸ್ಕ್ರೂಗೂ ಮೊದಲೇ ಸಣ್ಣ ತೂತು ಕೊರೆಯಬೇಕು. ಒಂದು ಸ್ಕ್ರೂ ಹಗುರವಾಗಿ ತಿರುಗಿ ಹೋಯಿತು, ಕೆಳಗೆ ತೊಗಟೆ ಇತ್ತು. ಪ್ಲೇಟನ್ನು ಸ್ವಲ್ಪ ತಿರುಗಿಸಿ ಎಲ್ಲವನ್ನೂ ಗಟ್ಟಿ ಮರಕ್ಕೆ ಹಾಕಿದೆ. ಚಕ್‌ನ ಒಂಟಿ ಸ್ಕ್ರೂ ಹಿಡಿತಕ್ಕೆ ಇಂಥ ಗಂಟನ್ನು ಬಿಡಬೇಡಿ. ಚಕ್ ಅಂದರೆ ದವಡೆಗಳಿಂದ ಮರವನ್ನು ಕಚ್ಚಿ ಹಿಡಿಯುವ ಲೇತಿನ ಭಾಗ.

ಟೇಲ್‌ಸ್ಟಾಕ್ ಅಂದರೆ ಲೇತಿನ ಇನ್ನೊಂದು ತುದಿಯ ಒತ್ತುವ ಭಾಗ, ಅದನ್ನು ತಂದು ಆ ಕಡೆಯಿಂದ ಒತ್ತಿ ಹಿಡಿದೆ. ಕೈಯಿಂದ ಒಂದು ಸುತ್ತು ತಿರುಗಿಸಿ ಉಳಿ ಊರಿಕೊಳ್ಳುವ ಟೂಲ್ ರೆಸ್ಟಿಗೆ ಎಲ್ಲೂ ತಾಗುವುದಿಲ್ಲ ಅಂತ ನೋಡಿಕೊಂಡೆ. ವೇಗಕ್ಕೆ ಕಡೆಯುವವರು ಬಳಸುವ ಲೆಕ್ಕ ಸುಲಭ. ಅಂಗುಲದಲ್ಲಿ ಅಡ್ಡಳತೆಯನ್ನು ನಿಮಿಷಕ್ಕೆ ತಿರುಗುವ ಸುತ್ತಿನಿಂದ, ಅಂದರೆ ಆರ್‌ಪಿಎಂನಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು. 27 ಸೆಂ.ಮೀ. ಅಂದರೆ ಹತ್ತೂವರೆ ಅಂಗುಲ, ಸುಮಾರು 570ರಿಂದ 850. ಇದು ಸಮತೂಕಕ್ಕೆ ಬಂದ ತುಂಡಿಗೆ. ಒಂದು ಕಡೆ ಭಾರ ಇರುವ ಹಸಿ ಗಂಟಿಗೆ 350ರಲ್ಲಿ ಶುರು ಮಾಡಿದೆ. ಲೇತ್ ಅದುರುವುದು ನಿಂತ ಮೇಲೆ 600. ಆ ವೇಗದಲ್ಲಿ ಅಂಚು ಗಂಟೆಗೆ 30 ಕಿ.ಮೀ. ಓಟದಲ್ಲಿರುತ್ತದೆ. ತೊಗಟೆಯ ತುಂಡೊಂದು ಹಾರಿ ಬಂದರೆ ಬರೀ ಕನ್ನಡಕ ಸಾಲದು. ಇಡೀ ಮುಖ ಮುಚ್ಚುವ ಗುರಾಣಿ ಬೇಕೇ ಬೇಕು. ಸ್ವಿಚ್ ಹಾಕುವಾಗ ತುಂಡಿನ ನೇರಕ್ಕೆ ನಿಲ್ಲಬಾರದು.

ಉಳಿ 16 ಮಿ.ಮೀ. ಬೌಲ್ ಗೌಜ್, ಸಾಣೆಯ ಕೋನ 55 ಡಿಗ್ರಿ. ಹಸಿ ನೀಲಗಿರಿ ಚಕ್ಕೆ ಉದ್ದುದ್ದ ಸುರುಳಿಯಾಗಿ ಬರುತ್ತದೆ. ತೊಗಟೆ ಪೊಟರೆ ಬಂದಾಗ ಮಾತ್ರ ಸುರುಳಿ ಕಡಿದು ಪುಡಿ ಬೀಳುತ್ತದೆ, ಸದ್ದೂ ಬದಲಾಗುತ್ತದೆ. ಆ ಸದ್ದು ಬಂದಾಗಲೆಲ್ಲ ಲೇತ್ ನಿಲ್ಲಿಸಿ, ಪೊಟರೆಯ ತುಟಿ ಸಡಿಲ ಆಗಿದೆಯಾ ಅಂತ ಉಗುರಿನಿಂದ ಕೆದಕಿ ನೋಡಿದೆ.

ತಳದಲ್ಲಿ ಚಕ್ ಹಿಡಿಯಲು 88 ಮಿ.ಮೀ. ಅಡ್ಡಳತೆಯ ಟೆನನ್, ಅಂದರೆ ದುಂಡು ಗೂಟ, ಬಿಟ್ಟೆ, ಎತ್ತರ 9 ಮಿ.ಮೀ. ಚಕ್‌ನ ದವಡೆ ಚೆನ್ನಾಗಿ ಕೂರುವುದು 80ಕ್ಕೆ. ಒಣಗಿದಾಗ ಟೆನನ್ ಕೂಡ ಮೊಟ್ಟೆಯಾಕಾರಕ್ಕೆ ಹೋಗುತ್ತದೆ, ಆಗ ಮತ್ತೆ ದುಂಡಗೆ ಮಾಡಲು ಆ 8 ಮಿ.ಮೀ. ಬೇಕು. ಟೆನನ್ ಚಕ್‌ನ ತಳಕ್ಕೆ ತಾಗಬಾರದು. ಅದರ ಬುಡದ ಸಮತಟ್ಟು ಭುಜ ದವಡೆಯ ಮೇಲೆ ಕೂರಬೇಕು. ಹಿಡಿತ ಇರುವುದು ಅಲ್ಲಿ.

ಹಸಿ ನೀಲಗಿರಿಯಲ್ಲಿ ಟ್ಯಾನಿನ್ ಅನ್ನೋ ಒಗರು ಪದಾರ್ಥ ಇದೆ. ಒದ್ದೆ ಮರಕ್ಕೆ ಕಬ್ಬಿಣ ತಾಗಿದಲ್ಲಿ ಕಪ್ಪುನೀಲಿ ಕಲೆ ಬೀಳುತ್ತದೆ. ಫೇಸ್‌ಪ್ಲೇಟ್ ಬಿಚ್ಚಿದಾಗ ಆರು ಸ್ಕ್ರೂಗಳ ಸುತ್ತಲೂ ಮಸಿ ಇಟ್ಟ ಹಾಗೆ ಆರು ಬೊಟ್ಟು ಇತ್ತು. ಅವು ಕೊರೆದು ಹೋಗುವ ಜಾಗದಲ್ಲಿದ್ದವು. ಬೇರೆಡೆ ಆಗಿದ್ದರೆ ಆಕ್ಸಾಲಿಕ್ ಆಮ್ಲದ ನೀರು ಹಚ್ಚಿ, ಆಮೇಲೆ ಚೆನ್ನಾಗಿ ತೊಳೆಯಬೇಕಾಗುತ್ತಿತ್ತು. ಲೇತಿನ ಮೇಲೆ ಹಸಿ ಚಕ್ಕೆ ರಾತ್ರಿಯಿಡೀ ಬಿಟ್ಟರೆ ಕಬ್ಬಿಣಕ್ಕೂ ತುಕ್ಕು. ಕೆಲಸ ಮುಗಿದ ಕೂಡಲೇ ಒರೆಸಿ ಮೇಣ ಸವರುವುದು ಒಳ್ಳೆಯದು.

4. ಒಳಗೆ ಕೊರೆದು ಒಣಗಲು ಇಟ್ಟದ್ದು

ತಿರುಗಿಸಿ ಚಕ್‌ಗೆ ಕೂರಿಸಿ ಒಳಗೆ ಕೊರೆದೆ. ಮೈದಪ್ಪಕ್ಕೆ ರೂಢಿಯ ಲೆಕ್ಕ ಅಡ್ಡಳತೆಯ ಹತ್ತನೇ ಒಂದು ಭಾಗ. 266 ಮಿ.ಮೀ.ಗೆ 27 ಬರುತ್ತದೆ, ನಾನು 28 ಬಿಟ್ಟೆ. ದಪ್ಪ ಎಲ್ಲ ಕಡೆ ಒಂದೇ ಇರುವುದು ಮುಖ್ಯ. ತಳ ದಪ್ಪ, ಅಂಚು ತೆಳು ಆದರೆ ಒಂದು ಮೊದಲು ಒಣಗಿ ಕುಗ್ಗುತ್ತದೆ, ಇನ್ನೊಂದು ಬಿಡುವುದಿಲ್ಲ. ನಡುವೆ ಸಿಕ್ಕಿಕೊಂಡ ಮರ ಸೀಳುತ್ತದೆ.

ಆಗ ತೂಕ 2180 ಗ್ರಾಂ. ಹೊರಮೈಗೂ ಅಂಚಿಗೂ ಮೇಣ ಬಳಿದೆ, ಒಳಮೈಯನ್ನು ಹಾಗೇ ಬಿಟ್ಟೆ. ಕಾಗದದ ಚೀಲದಲ್ಲಿ ಒಣ ಚಕ್ಕೆ ತುಂಬಿ ಅದರ ನಡುವೆ ಬಟ್ಟಲು ಇಟ್ಟು, ಗಾಳಿ ಬೀಸದ ಮೂಲೆಯಲ್ಲಿ ನೆಲದ ಹತ್ತಿರ ಇಟ್ಟೆ. ತಳಕ್ಕೆ ತಾರೀಖು, ತೂಕ ಪೆನ್ಸಿಲ್‌ನಲ್ಲಿ ಬರೆದೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಅದರ ಕೆಳಗೇ ಹೊಸ ಅಂಕಿ ಬರೆಯುತ್ತ ಹೋದೆ. ಈ ಕೆಲಸಕ್ಕೆ ಮೀಟರ್‌ಗಿಂತ ತಕ್ಕಡಿಯೇ ನಂಬಿಕಸ್ಥ. ತೂಕ ಇಳಿಯುವುದು ನಿಂತಿತು ಅಂದರೆ ಮರ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಂಡಿತು ಅಂತ.

ಶುರುವಿನಲ್ಲಿ ತೂಕ ಜೋರಾಗಿ ಇಳಿಯಿತು, ಆಮೇಲೆ ನಿಧಾನ. ಕೊನೆಗೆ ಕೆಲವು ವಾರ ಒಂದೆರಡು ಗ್ರಾಂ ಅತ್ತಿತ್ತ ಆಗಿ 1640ರಲ್ಲಿ ನಿಂತಿತು. ಅರ್ಧ ಕೆ.ಜಿ.ಗೂ ಜಾಸ್ತಿ ನೀರು ಹೋಗಿತ್ತು. ಒಂದು ಕಡೆ 258, ಅದಕ್ಕೆ ಅಡ್ಡವಾಗಿ 251 ಮಿ.ಮೀ. ಆಗಿತ್ತು. ಸಾಮಾನ್ಯ ಹಲಗೆಯ ಬಟ್ಟಲಾದರೆ ಒಂದು ನೇರ ಮೊಟ್ಟೆಯಾಕಾರಕ್ಕೆ ಬರುತ್ತದೆ. ಗಂಟಿನದು ಹಾಗಲ್ಲ, ಅಂಚು ಅಲ್ಲಲ್ಲಿ ಎದ್ದು ಬಿದ್ದು ನೀರಿನ ಮೈಯಂತೆ ಆಗಿತ್ತು. ಕಣ್ಣುಗಳ ಸುತ್ತ ಕೂದಲೆಳೆ ಬಿರುಕು ಹಲವು ಇದ್ದವು. ಆದರೆ ಅಂಚಿನಿಂದ ತಳಕ್ಕೆ ಓಡುವ ಸೀಳು ಒಂದೂ ಇರಲಿಲ್ಲ. ಬಿರುಕು ಓಡಲು ಉದ್ದ ನಾರು ಬೇಕು, ಗಂಟಿನಲ್ಲಿ ಅದು ಇಲ್ಲ.

ಒಣಗಿಸುವ ಮೊದಲು ಕುದಿಸುವ ಪದ್ಧತಿಯೂ ಇದೆ, ದಪ್ಪದ ಒಂದು ಅಂಗುಲಕ್ಕೆ ಒಂದು ಗಂಟೆ ಲೆಕ್ಕ. ಕೊಯ್ದ ತುಂಡೊಂದನ್ನು ಹಾಗೆ ಕುದಿಸಿ ನೋಡಿದೆ. ಬಿರುಕು ನಿಜಕ್ಕೂ ಕಡಿಮೆ ಆಯಿತು. ಆದರೆ ನೀರು ಕೆಂಪಗಾಯಿತು, ತುಂಡಿನ ಕೆಂಪು ಅಷ್ಟೇ ಮಾಸಿತು. ಬಣ್ಣಕ್ಕಾಗಿಯೇ ಇಟ್ಟುಕೊಂಡ ಮರ ಅಂತ ಬಟ್ಟಲಿಗೆ ಇದನ್ನು ಮಾಡಲಿಲ್ಲ.

5. ಬಿರುಕು, ಪೊಟರೆ

ಕೊನೆಯ ಸಲ ಕಡೆಯುವ ಮೊದಲು ತುಂಬಬೇಕಾದದ್ದನ್ನು ತುಂಬಬೇಕು. ಮೊದಲು ಕೊಳೆತ ತೊಗಟೆಯನ್ನು ಮೊನಚು ಕೊಕ್ಕೆಯಿಂದ ಕೆದಕಿ, ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಿ ತೆಗೆದೆ. ಗಟ್ಟಿಯಾಗಿ ಅಂಟಿರುವ ತೊಗಟೆಯನ್ನು ಮುಟ್ಟಲಿಲ್ಲ.

ತುಂಬುವುದಕ್ಕೆ ಏನು ಬಳಸಬೇಕು ಅಂತ ತುಂಡುಗಳ ಮೇಲೆ ನೋಡಿದೆ. ಇದೇ ಮರದ ಹೊಟ್ಟನ್ನು ಬಿರುಕಿಗೆ ತುರುಕಿ ತೆಳು ಸೂಪರ್ ಗ್ಲೂ ಬಿಟ್ಟರೆ ಮರದ ಬಣ್ಣವೇ ಬರಬೇಕಲ್ವಾ? ಬರಲಿಲ್ಲ. ಅಂಟು ಕುಡಿದ ಹೊಟ್ಟು ಮರಕ್ಕಿಂತ ತುಂಬ ಕಪ್ಪಾಗಿ, ಹಳೇ ಗಾಯದ ಕಲೆಯ ಹಾಗೆ ಕಂಡಿತು. ಬೇಗ ಗಟ್ಟಿಯಾಗಲಿ ಅಂತ ಆ್ಯಕ್ಸಲರೇಟರ್ ಸಿಂಪಡಿಸಿದ ತುಂಡಿನಲ್ಲಿ ಅಂಟು ಬಿಳಿ ನೊರೆಯಾಗಿ ಉಬ್ಬಿತು. ಇನ್ನೊಂದರಲ್ಲಿ ಬಿರುಕಿನ ಆಚೀಚೆ ಅಂಟು ಹರಡಿ, ಎಣ್ಣೆ ಹಚ್ಚಿದ ಮೇಲೂ ಹೋಗದ ತೇಪೆ ಆಯಿತು.

ಇದರಿಂದ ಬಟ್ಟಲಿಗೆ ತೆಗೆದುಕೊಂಡ ತೀರ್ಮಾನ ಹೀಗೆ. ಕೂದಲೆಳೆ ಬಿರುಕಿಗೆ ತೆಳು ಸೂಪರ್ ಗ್ಲೂ ಮಾತ್ರ, ಹೊಟ್ಟಿಲ್ಲದೆ, ಆ್ಯಕ್ಸಲರೇಟರ್ ಇಲ್ಲದೆ. ಅದಕ್ಕೂ ಮೊದಲು ಸುತ್ತ ತೆಳುವಾಗಿ ಶೆಲ್ಯಾಕ್ (ಅರಗಿನ ವಾರ್ನಿಷ್) ಸವರಿದರೆ ಅಂಟು ಮರಕ್ಕೆ ಹರಡುವುದಿಲ್ಲ. ಒಂದೆರಡು ಮಿ.ಮೀ. ಅಗಲದ ಸಂದಿಗೆ ಕಪ್ಪು ಬಣ್ಣ ಬೆರೆಸಿದ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ರಾಳ. ಐದು ನಿಮಿಷದ ಎಪಾಕ್ಸಿಯಲ್ಲಿ ಗುಳ್ಳೆಗಳು ಮೇಲೆ ಬರುವ ಮೊದಲೇ ಅದು ಗಟ್ಟಿಯಾಗುತ್ತದೆ. ಹೊರಗಿನಿಂದ ಟೇಪ್ ಬಿಗಿಯಾಗಿ ಅಂಟಿಸಿ ಒಳಗಿನಿಂದ ಹುಯ್ದೆ. ಬಿಸಿಗಾಳಿ ದೂರದಿಂದ ಹಿಡಿದು ಗುಳ್ಳೆ ಒಡೆದೆ. ಒಂದು ದಿನ ಪೂರ್ತಿ ಮುಟ್ಟಲಿಲ್ಲ. ಮರದ ಬಣ್ಣ ಹೊಂದಿಸಲು ಹೋದ ತುಂಬು ಎದ್ದು ಕಾಣುತ್ತದೆ, ಕಪ್ಪು ತುಂಬು ಕಾಣುವುದಿಲ್ಲ. ಗಂಟಿನಲ್ಲಿ ಕಪ್ಪು ಗೆರೆಗಳು ಹೇಗೂ ಇರುತ್ತವೆ.

ದೊಡ್ಡ ಪೊಟರೆಗಳನ್ನು ತುಂಬಲೇ ಇಲ್ಲ. ಅದರಲ್ಲಿ ಒಂದು ಅಂಚಿನಿಂದ ಮೂರು ಬೆರಳು ಕೆಳಗೆ ಗೋಡೆಯನ್ನು ದಾಟಿ ಆಚೆ ಕಾಣುತ್ತದೆ. ಅದರ ತುಟಿಗೆ ಸೂಪರ್ ಗ್ಲೂ ಕುಡಿಸಿ ಗಟ್ಟಿ ಮಾಡಿ ಹಾಗೇ ಬಿಟ್ಟೆ. ಇದು ನೋಡಲು ಇಡುವ ಬಟ್ಟಲು, ನೀರು ನಿಲ್ಲಬೇಕಾಗಿಲ್ಲ. ಗಂಟು ಬೆಳೆದ ರೀತಿ ಕಾಣುವುದೇ ಅಲ್ಲಿ. ಅದನ್ನು ರಾಳದಿಂದ ಮುಚ್ಚಿ ನುಣುಪು ಮಾಡಿದರೆ ಗಂಟು ಯಾಕೆ ಬೇಕಿತ್ತು?

6. ಕೊನೆಯ ಕಡೆತ

ಟೆನನ್ 86 ಮತ್ತು 83ರ ಮೊಟ್ಟೆಯಾಗಿತ್ತು. ಬಟ್ಟಲಿನ ಬಾಯನ್ನು ಚಪ್ಪಟೆ ಮರದ ತಟ್ಟೆಗೆ ಒತ್ತಿ, ಟೇಲ್‌ಸ್ಟಾಕ್‌ನಿಂದ ಬಿಗಿ ಹಿಡಿದು, ಟೆನನ್ ಅನ್ನು 80ಕ್ಕೆ ದುಂಡಗೆ ಮಾಡಿದೆ. ಆಮೇಲೆ ಚಕ್.

ಒಣ ನೀಲಗಿರಿ ಗಂಟು ಕಲ್ಲಿನಷ್ಟೇ ಗಟ್ಟಿ. ಹಸಿಯಲ್ಲಿ ಸುರುಳಿ ಬಂದದ್ದು ಈಗ ಪುಡಿ, ಸಣ್ಣ ಚೂರು. ಸಾಣೆಗೆ ಎಷ್ಟು ಸಲ ಹೋಗಬೇಕು ಅಂತ ಲೆಕ್ಕ ಇಡಬೇಡಿ. ಚಕ್ಕೆ ಧೂಳಾಗಲು ಶುರುವಾದ ಕೂಡಲೇ ಹೋಗಬೇಕು.

ಹೊರಮೈಯಲ್ಲಿ ರೂಢಿಯ ದಿಕ್ಕಿನಲ್ಲಿ, ತಳದಿಂದ ಅಂಚಿಗೆ, ಒಂದು ತೆಳು ಸುತ್ತು ತೆಗೆದು ದೀಪವನ್ನು ಓರೆಯಾಗಿ ಹಿಡಿದು ನೋಡಿದೆ. ಅರ್ಧದಷ್ಟು ಕಣ್ಣುಗಳ ಸುತ್ತ ಗಾಜಿನಷ್ಟು ನುಣುಪು, ಉಳಿದ ಅರ್ಧದಲ್ಲಿ ನಾರು ಕಿತ್ತು ಸಣ್ಣ ಗುಳಿಗಳು. ದಿಕ್ಕು ಬದಲಿಸಿ ಅಂಚಿನಿಂದ ತಳಕ್ಕೆ ತೆಗೆದೆ. ಕಿತ್ತಿದ್ದು ಸರಿಹೋಯಿತು, ಸರಿ ಇದ್ದದ್ದು ಕಿತ್ತಿತು. ಗಂಟಿನ ಸ್ವಭಾವ ಏನು ಅಂತ ಈ ಎರಡು ಸುತ್ತುಗಳಲ್ಲೇ ಕಾಣಿಸುತ್ತದೆ.

ಕೆಲಸ ಮಾಡಿದ್ದು ಓರೆ ಕೆರೆತ. ಹೊಸದಾಗಿ ಸಾಣೆ ಹಿಡಿದ 25 ಮಿ.ಮೀ. ದುಂಡುಮೂತಿ ಸ್ಕ್ರೇಪರನ್ನು, ಅಂದರೆ ಕೆರೆಯುವ ಉಳಿಯನ್ನು, ಟೂಲ್ ರೆಸ್ಟಿನ ಮೇಲೆ 45 ಡಿಗ್ರಿ ಓರೆ ಮಾಡಿ, ಬರೀ ತಾಗಿಯೂ ತಾಗದ ಹಾಗೆ ಸವರುವುದು. ಅಲಗಿನ ತುದಿಯಲ್ಲಿ ಸಾಣೆ ಬಿಟ್ಟ ಕೂದಲೆಳೆ ಜಿಮುರು, ಅಂದರೆ ಬಾಗಿ ನಿಂತ ಲೋಹದ ಅಂಚು, ಇರುತ್ತದೆ, ಕತ್ತರಿಸುವುದು ಅದೇ. ಹೊಸ ಜಿಮುರು ಇರುವಾಗ ಹತ್ತಿಯ ಎಳೆಯಷ್ಟು ತೆಳು ಚಕ್ಕೆ ಅಲಗಿನ ಮೇಲೆ ಕೂತುಕೊಳ್ಳುತ್ತದೆ. ಅದು ನಿಂತು ಧೂಳು ಬಂದರೆ ಜಿಮುರು ಸವೆಯಿತು. ಸ್ಕ್ರೇಪರನ್ನು ಮಟ್ಟಸವಾಗಿ ಹಿಡಿದು ಒತ್ತಿದರೆ ಮಾತ್ರ ಗೌಜ್‌ಗಿಂತ ಹೆಚ್ಚು ಕೀಳುತ್ತದೆ. ಇನ್ನೂ ಹಟ ಹಿಡಿದ ಎರಡು ಮೂರು ಜಾಗಕ್ಕೆ ತೆಳು ಶೆಲ್ಯಾಕ್ ಕುಡಿಸಿ, ಒಣಗಿದ ಮೇಲೆ ಮತ್ತೆ ಸವರಿದೆ. ನಾರು ನೆಟ್ಟಗೆ ನಿಂತು ಕತ್ತರಿಸಿಕೊಂಡಿತು.

ಒಳಮೈಯನ್ನು ಒಂದೇ ಓಟದಲ್ಲಿ ತೆಳು ಮಾಡಲು ಹೋಗಬಾರದು. ಅಂಚಿನಿಂದ 3 ಸೆಂ.ಮೀ. ಕೆಳಗಿನವರೆಗೆ ಪೂರ್ತಿ ಮುಗಿಸಿ, ಕ್ಯಾಲಿಪರ್ ಹಾಕಿ ದಪ್ಪ ಅಳೆದು ನೋಡಿ, ಆಮೇಲೆ ಮುಂದಿನ 3 ಸೆಂ.ಮೀ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಕೆಳಗಿನ ದಪ್ಪ ಮರ ಅಂಚನ್ನು ಅದುರದ ಹಾಗೆ ಹಿಡಿದಿರುತ್ತದೆ. ಒಮ್ಮೆ ಕೆಳಗೆ ಇಳಿದ ಮೇಲೆ ಅಂಚಿಗೆ ವಾಪಸ್ ಹೋಗುವ ಹಾಗಿಲ್ಲ. ತೆಳು ಅಂಚು ಉಳಿ ಮುಟ್ಟಿದ ಕೂಡಲೇ ಕೀರಲು ಸದ್ದು ಮಾಡುತ್ತದೆ, ಸುರುಳಿ ಸುರುಳಿ ಗೀರು ಬೀಳುತ್ತದೆ, ಇನ್ನೂ ಒತ್ತಿದರೆ ಚೂರು. ಎಡಗೈಯ ಬೆರಳುಗಳನ್ನು ಹೊರಗಿನಿಂದ ಹಗುರವಾಗಿ ಒತ್ತಿ ಹಿಡಿದರೆ ಅದುರು ಕಡಿಮೆಯಾಗುತ್ತದೆ. ಪೊಟರೆ ಇರುವ ಎತ್ತರದಲ್ಲಿ ಮಾತ್ರ ಕೈ ಇಡಬಾರದು, ಅದರ ತುಟಿ ಬೆರಳನ್ನು ಕುಯ್ಯುತ್ತದೆ.

ಅಂಚಿನಲ್ಲಿ 7.5 ಮಿ.ಮೀ., ತಳದ ಹತ್ತಿರ 9. ಇದಕ್ಕಿಂತ ತೆಳು ಮಾಡಬಹುದಿತ್ತು. ಆದರೆ ಪೊಟರೆಯ ಸುತ್ತ ಇಷ್ಟಾದರೂ ಮರ ಬೇಕು ಅನ್ನಿಸಿತು.

7. ಉಜ್ಜುವುದು

ಸ್ಯಾಂಡ್ ಪೇಪರ್ 120, 180, 240, 320, 400. ಅಂಕಿ ಹೆಚ್ಚಿದಷ್ಟೂ ಕಾಗದ ನುಣುಪು. ವೇಗ 300ಕ್ಕೆ ಇಳಿಸಿದೆ. ಜೋರಾಗಿ ಒತ್ತಿ ಉಜ್ಜಿದರೆ ಮರ ಬಿಸಿಯಾಗುತ್ತದೆ, ಬಿಸಿಯಾದ ಗಂಟಿನಲ್ಲಿ ಹೊಸ ಕೂದಲೆಳೆ ಬಿರುಕು ಏಳುತ್ತದೆ. ಕಾಗದದ ಹಿಂದಿರುವ ಬೆರಳಿಗೆ ಬಿಸಿ ತಾಗಿದರೆ ಮರಕ್ಕೆ ಅದಕ್ಕಿಂತ ಹೆಚ್ಚು ತಾಗಿದೆ ಅಂತಲೇ.

ಮೆತ್ತನೆ ಸ್ಪಂಜಿನ ಮೇಲೆ ಕಾಗದ ಇಟ್ಟು ಉಜ್ಜಬೇಡಿ. ತೊಗಟೆ ಮೃದು, ಸುತ್ತಲಿನ ಮರ ಗಟ್ಟಿ. ಸ್ಪಂಜು ತೊಗಟೆಯನ್ನು ತಿಂದು ಗುಳಿ ಮಾಡುತ್ತದೆ, ಪೊಟರೆಯ ತುಟಿಯನ್ನು ಬೋಳು ಮಾಡುತ್ತದೆ. ಗಟ್ಟಿ ರಬ್ಬರ್ ಪ್ಯಾಡ್ ಸರಿ. ಪೊಟರೆಯ ಸುತ್ತ ಲೇತ್ ನಿಲ್ಲಿಸಿ ಕೈಯಿಂದಲೇ ಉಜ್ಜಿದೆ. ಪ್ರತಿ ಕಾಗದ ಬದಲಿಸುವಾಗ ಹಲ್ಲುಜ್ಜುವ ಬ್ರಷ್ಷಿನಿಂದ ಪೊಟರೆಯ ಧೂಳು ತೆಗೆದು, ಓರೆ ಬೆಳಕಿನಲ್ಲಿ ನೋಡಬೇಕು. 120ರ ಗೀರು ಉಳಿದಿದ್ದರೆ 320 ಅದನ್ನು ಅಳಿಸುವುದಿಲ್ಲ, ಅದರ ಸುತ್ತ ಹೊಳಪು ಕೊಟ್ಟು ಇನ್ನಷ್ಟು ಎತ್ತಿ ತೋರಿಸುತ್ತದೆ. 240 ಆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ನಾರು ಎಬ್ಬಿಸಿ, ಒಣಗಿದ ಮೇಲೆ 320.

ಧೂಳಿನ ವಿಷಯದಲ್ಲಿ ಉದಾಸೀನ ಬೇಡ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬಟ್ಟೆಯ ಮುಖಗವಸು ಸಾಲದು. ಫಿಲ್ಟರ್ ಇರುವ ಮಾಸ್ಕ್ ಹಾಕಿ, ಧೂಳು ಎಳೆಯುವ ಪೈಪಿನ ಬಾಯನ್ನು ಬಟ್ಟಲಿನ ಹಿಂದೆಯೇ ಇಟ್ಟು ಕೆಲಸ ಮಾಡಿದೆ. ಗಾಳಿಯಲ್ಲಿ ತೇಲುವ ಸಣ್ಣ ಧೂಳು ಕೂರಲು ಹೊತ್ತು ಹಿಡಿಯುತ್ತದೆ, ಲೇತ್ ನಿಂತ ಕೂಡಲೇ ಮಾಸ್ಕ್ ತೆಗೆಯಬಾರದು.

8. ಪಾದ

ಮರದ ದಿಮ್ಮಿಯೊಂದನ್ನು ಬಟ್ಟಲಿನ ಒಳಬಾಗಿಗೆ ಹೊಂದುವ ಹಾಗೆ ಕಡೆದು, ಮೇಲೆ ತೆಳು ರಬ್ಬರ್ ಹಾಳೆ ಹಾಕಿದೆ. ಬಟ್ಟಲನ್ನು ಅದರ ಮೇಲೆ ಕವುಚಿ, ಟೆನನ್ನಿನ ನಡುವಿಗೆ ಟೇಲ್‌ಸ್ಟಾಕ್ ಒತ್ತಿದೆ. ಬರೀ ಒತ್ತಡದ ಹಿಡಿತ, ಹಾಗಾಗಿ ಹಗುರ ಕೈ. ಟೆನನ್ ಅನ್ನು 72 ಮಿ.ಮೀ. ಅಡ್ಡಳತೆ, 4 ಮಿ.ಮೀ. ಎತ್ತರದ ಪಾದಕ್ಕೆ ಇಳಿಸಿ, ತಳವನ್ನು 2 ಮಿ.ಮೀ. ಒಳಕ್ಕೆ ಬಾಗಿಸಿದೆ. ಹಾಗಿದ್ದರೆ ಬಟ್ಟಲು ಅಲುಗಾಡದೆ ಕೂರುತ್ತದೆ. ನಡುವೆ ಉಳಿದ ಬೆರಳ ಗಾತ್ರದ ಗೂಟವನ್ನು ಕೈಗರಗಸದಿಂದ ಕೊಯ್ದು, ಉಳಿಯಿಂದ ಸವರಿ, ಉಜ್ಜಿದೆ.

9. ಎಣ್ಣೆ, ಮೇಣ

ಕೊಯ್ದ ತುಂಡೊಂದನ್ನು ಬಟ್ಟಲಿನಷ್ಟೇ ಚೆನ್ನಾಗಿ 400ರವರೆಗೆ ಉಜ್ಜಿ ನಾಲ್ಕು ಮನೆ ಮಾಡಿದೆ. ಅಗಸೆ ಎಣ್ಣೆ ಹಚ್ಚಿದ ಮನೆ ಹಳದಿಗೆ ತಿರುಗಿ, ಕಣ್ಣುಗಳ ನಡುವಿನ ತಿಳಿ ಬಣ್ಣ ಮುಚ್ಚಿಹೋಯಿತು. ಪಾಲಿಯುರೆಥೇನ್ ವಾರ್ನಿಷ್ ಮರದ ಮೇಲೆ ಪ್ಲಾಸ್ಟಿಕ್ ಹಾಳೆಯ ಹಾಗೆ ಕೂತು, ಪೊಟರೆಯ ಅಂಚಿನಲ್ಲಿ ಕೆನೆ ಕಟ್ಟಿತು. ಬರೀ ಶೆಲ್ಯಾಕ್ ಬಣ್ಣವನ್ನು ಚೆನ್ನಾಗಿ ಎತ್ತಿತು, ಆದರೆ ಆಳ ಸಾಲದು ಅನ್ನಿಸಿತು. ಟಂಗ್ ಮರದ ಬೀಜದ ಎಣ್ಣೆಯಲ್ಲಿ ಕೆಂಪು ಕೆಂಪಾಗಿಯೇ ಉಳಿದು, ತುಂಡು ತಿರುಗಿಸಿದ ಹಾಗೆ ಕಣ್ಣುಗಳ ಒಳಗೆ ಬೆಳಕು ಓಡಾಡಿತು. ಅದೇ ಇರಲಿ ಅಂದುಕೊಂಡೆ.

ತುಂಡಿನ ಮೇಲೆ ಇನ್ನೊಂದು ತೊಂದರೆಯೂ ಕಂಡಿತು. ಎಣ್ಣೆ ಒರೆಸಿ ಇಟ್ಟ ಮೇಲೆ ಗಂಟೆಗಟ್ಟಲೆ ಪೊಟರೆಗಳಿಂದ, ಬಿರುಕುಗಳಿಂದ ಎಣ್ಣೆ ಜಿನುಗುತ್ತಲೇ ಇತ್ತು. ಒರೆಸದಿದ್ದರೆ ಅದು ಅಲ್ಲೇ ಒಣಗಿ ಹೊಳೆಯುವ ಮಣಿಯಾಗುತ್ತದೆ. ಅದಕ್ಕೆ ಬಟ್ಟಲಿನ ಪೊಟರೆಗಳ ಒಳಗೆ ಸಣ್ಣ ಬ್ರಷ್ಷಿನಿಂದ ಮೊದಲೇ ಶೆಲ್ಯಾಕ್ ಹಚ್ಚಿ ಬಾಯಿ ಕಟ್ಟಿದೆ. 100 ಮಿ.ಲೀ. ಸ್ಪಿರಿಟ್‌ಗೆ 12 ಗ್ರಾಂ ಮೇಣ ತೆಗೆದ ಶೆಲ್ಯಾಕ್. ಜಿನುಗುವುದು ಪೂರ್ತಿ ನಿಲ್ಲಲಿಲ್ಲ, ಆದರೆ ಬಹಳ ಕಡಿಮೆಯಾಯಿತು.

ಮೊದಲ ಕೈ ಟಂಗ್ ಎಣ್ಣೆಗೆ ಸಮ ಪಾಲು ಟರ್ಪೆಂಟೈನ್ ಬೆರೆಸಿ ಧಾರಾಳವಾಗಿ ಹಚ್ಚಿದೆ. ಕುಡಿಯುವಷ್ಟು ಕುಡಿಯಲಿ ಅಂತ ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಒಂದು ಹನಿ ಇರದ ಹಾಗೆ ಒರೆಸಿದೆ. ಮುಂದಿನ ಕೈಗಳು ಬೆರಕೆಯಿಲ್ಲದ ಎಣ್ಣೆ, ಬಹಳ ತೆಳುವಾಗಿ. ಪ್ರತಿ ಕೈಗೂ ನಡುವೆ ಮುಟ್ಟಿದರೆ ಅಂಟು ಅಂಟಾಗದಷ್ಟು ಒಣಗಲು ಬಿಟ್ಟೆ. ಅವಸರ ಮಾಡಿ ಒಂದರ ಮೇಲೊಂದು ಹಚ್ಚಿದರೆ ಮೇಲೆ ಸುಕ್ಕು ಬೀಳುತ್ತದೆ.

ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಟಂಗ್, ಅಗಸೆಯಂಥ ಎಣ್ಣೆ ಒಣಗುವುದು ಗಾಳಿಯ ಆಮ್ಲಜನಕ ಸೇರಿ. ಆಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೊರಗೆ ಒಂಟೊಂಟಿಯಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರಿನ ಡಬ್ಬಿಯಲ್ಲಿ ಮುಳುಗಿಸಿಡಬೇಕು.

ಎಣ್ಣೆ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಕಾದು ಆಮೇಲೆ ಮೇಣ. ಜೇನುಮೇಣ 62ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ, ಕೈ ಬಿಸಿಗೇ ಮೆತ್ತಗಾಗಿ ಬೆರಳಚ್ಚು ಹಿಡಿಯುತ್ತದೆ. ಕಾರ್ನೌಬಾ ಅನ್ನೋ ತಾಳೆ ಜಾತಿಯ ಮರದ ಎಲೆಯ ಮೇಣ ಕರಗಲು 80 ಡಿಗ್ರಿಗೂ ಜಾಸ್ತಿ ಬೇಕು, ಬಹಳ ಗಟ್ಟಿ. ಎರಡನ್ನೂ ಬೆರೆಸಿದ ಮೇಣವನ್ನು ಬಟ್ಟೆಯಿಂದ ತೆಳುವಾಗಿ ಸವರಿ, ಕೈಯಿಂದಲೇ ಉಜ್ಜಿ ಹೊಳಪು ಬರಿಸಿದೆ. ಪೊಟರೆಯ ಒಳಗೆ ಮೇಣ ಹೋದರೆ ಬಿಳಿಯಾಗಿ ಕೂರುತ್ತದೆ, ಒಣ ಬ್ರಷ್ಷಿನಿಂದ ಆಗಲೇ ತೆಗೆಯಬೇಕು. ತಿರುಗುವ ಬಫ್ ಚಕ್ರವನ್ನು ಈ ಬಟ್ಟಲಿಗೆ ಬಳಸಲಿಲ್ಲ. ಬಟ್ಟೆಯ ಚಕ್ರ ತೂತಿಗೆ ಅಥವಾ ಅಂಚಿಗೆ ಸಿಕ್ಕಿಕೊಂಡರೆ ಬಟ್ಟಲನ್ನು ಕೈಯಿಂದ ಕಿತ್ತು ನೆಲಕ್ಕೆ ಬಡಿಯುತ್ತದೆ.

ಮುಗಿದಾಗ ಅಡ್ಡಳತೆ 242 ಮಿ.ಮೀ., ಎತ್ತರ 91, ತೂಕ 520 ಗ್ರಾಂ. ಮೇಣ ಹಾಕಿ ಕೆಲವು ವಾರ ಕಳೆದ ಮೇಲೆ ಮತ್ತೆ ಕ್ಯಾಲಿಪರ್ ಹಾಕಿದೆ. ಅಂಚು ಒಂದು ಕಡೆ 242, ಇನ್ನೊಂದು ಕಡೆ 241. ಹೊಸ ಬಿರುಕು ಒಂದೇ ಒಂದು, ಪಾದದ ಹತ್ತಿರದ ಕಣ್ಣಿನಲ್ಲಿ, ಉಗುರಿಗೆ ಸಿಗದಷ್ಟು ಸಣ್ಣದು. ಅದಕ್ಕೆ ಏನೂ ಮಾಡಲಿಲ್ಲ. ಗಂಟಿನ ಉಳಿದ ದೊಡ್ಡ ತುಂಡಿಗೆ ಮೇಣ ಬಳಿದು ಇಟ್ಟಿದ್ದೇನೆ. ಅದರಲ್ಲಿ ಒಂದು ಮುಚ್ಚಳದ ಡಬ್ಬಿಗೆ ಸಾಲುವಷ್ಟು ಮರ ಇದೆ.